ಮಂದ್ರದ ತಂತಿಗೂ ಒಂದು ಹಾಡಿದೆ

ನಾವು ವಾಸವಾಗಿರುವ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆಯವರು ಬಿಸಿನೀರು ಕಾಯಿಸಬೇಕೆನಿಸುವಷ್ಟು ತೆಳ್ಳಗಿನ ಗೋಡೆ. 2020ರ ಮಾರ್ಚ್ ಕೊನೆಗೆ ಊರಿಗೆ ಊರೇ ಬಾಗಿಲು ಮುಚ್ಚಿ ಕುಳಿತಾಗ, ಶಾಲೆಯಿಲ್ಲದ ನಾವು ಹಳೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದ ಒಂದು ಸಂಜೆ, ಆ ಗೋಡೆಯೊಳಗಿಂದ ಒಂದು ಸದ್ದು ಬರತೊಡಗಿತು. ಮಿಕ್ಸಿಯದಲ್ಲ, ಪಂಪಿನದೂ ಅಲ್ಲ. ಕಿವಿಗಿಂತ ಮೊದಲು ಬೆನ್ನಿಗೆ ಕೇಳಿಸುವಂಥ ಸದ್ದು.

ವಿಚಾರಿಸಿದಾಗ ತಿಳಿದುದಿಷ್ಟು. ಪಕ್ಕದ ಮನೆಯ ಹುಡುಗ ನಮ್ಮ ಶಾಲೆಯಲ್ಲೇ ಹತ್ತನೆಯ ತರಗತಿ ಮುಗಿಸಿದವನು. ಗಾನಮೇಳದ ತಂಡವೊಂದರಲ್ಲಿ ಬೇಸ್ ಗಿಟಾರ್ ನುಡಿಸುವವನು. ಜಾತ್ರೆ, ಮದುವೆ, ವಾರ್ಷಿಕೋತ್ಸವಗಳೆಲ್ಲ ನಿಂತ ಮೇಲೆ ತಂಡಕ್ಕೆ ಕೆಲಸವಿಲ್ಲ. ಹಾಡುವವರು ಮನೆಯಲ್ಲಿ ಕುಳಿತು ಮೊಬೈಲಿಗೆ ಹಾಡಿದರು. ಕೀಬೋರ್ಡಿನವನಿಗೂ ತೊಂದರೆಯಿಲ್ಲ. ಆದರೆ ಬೇಸಿನವನು ಏನು ಮಾಡಬೇಕು? ಭಾಗವತರಿಲ್ಲದೆ ಮದ್ದಳೆಗಾರ ಎಷ್ಟು ಹೊತ್ತು ಕುಳಿತಾನು? ಸಾಲದ್ದಕ್ಕೆ ಧ್ವನಿವರ್ಧಕವೂ ತಂಡದ ಯಜಮಾನರ ಮನೆಯಲ್ಲೇ ಉಳಿದಿತ್ತು. ಈ ವಾದ್ಯದ ಮರದ ಒಡಲು ಟೊಳ್ಳಲ್ಲ, ಗಟ್ಟಿ. ವಿದ್ಯುತ್ ಇಲ್ಲದಿದ್ದರೆ ನುಡಿಸುವವನಿಗೇ ಸರಿಯಾಗಿ ಕೇಳಿಸದು. ಹುಡುಗ ಉಪಾಯ ಕಂಡುಕೊಂಡಿದ್ದ. ವಾದ್ಯದ ತಲೆಯನ್ನು ಮರದ ಬೀರುವಿಗೆ ಒತ್ತಿ ಹಿಡಿದರೆ ಬೀರುವೇ ಬುರುಡೆಯಾಗಿ ಮೊಳಗುತ್ತದೆ. ಬೀರು ಇದ್ದುದು ನಮ್ಮ ಗೋಡೆಗೆ ತಾಗಿ.

“ಮಾರಿಬಿಡೋಣ ಅಂತ ಇದ್ದೇನೆ ಸರ್. ಎಂಟು ಸಾವಿರಕ್ಕೆ ಕೇಳಿದ್ದಾರೆ. ಒಬ್ಬನೇ ನುಡಿಸಲಿಕ್ಕೆ ಇದರಲ್ಲಿ ಏನಿದೆ?” ಎಂದ ಆತ. ಒಳಗಿನಿಂದ ಅವನ ತಾಯಿಯೂ ಸೇರಿಸಿದರು: “ಇಷ್ಟು ದೊಡ್ಡ ವಾದ್ಯ ಮಾಸ್ಟ್ರೇ, ಇದರಲ್ಲಿ ಒಂದು ಪದ ಬರುವುದಿಲ್ಲವಾ?”

ನಮಗೆ ಸಂಗೀತ ಬಾರದು. ಶಾಲೆಯಲ್ಲಿ ಹೇಳಿಕೊಡುವುದು ಗಣಿತ ಮತ್ತು ವಿಜ್ಞಾನ. ಆದರೂ ಹಳೆಯ ವಿದ್ಯಾರ್ಥಿ ಪ್ರಶ್ನೆ ಕೇಳಿದ ಮೇಲೆ ಮಾಸ್ತರಾದವನು ‘ಗೊತ್ತಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುವುದು ಸರಿಯಲ್ಲ. ಅಂದಿನಿಂದ ತಿಂಗಳುಗಟ್ಟಲೆ ನಾವೂ ಅವನೂ ಗೋಡೆಯ ಎರಡು ಬದಿಗಳಲ್ಲಿ ಕುಳಿತು ಹುಡುಕಿದೆವು: ಬೇಸ್ ಗಿಟಾರಿಗಾಗಿ ಹುಟ್ಟಿದ ಸಾಲುಗಳಲ್ಲಿ, ಹಾಡುವವರೂ ತಾಳದವರೂ ಇಲ್ಲದೆ ಒಬ್ಬನೇ ನುಡಿಸಿದರೂ ಕೇಳಲು ಹಿತವಾದವು ಯಾವುವು? ಹಾಗೆ ಕಂಡುಕೊಂಡುದನ್ನು ಓದುಗರ ಮುಂದಿಡುತ್ತಿದ್ದೇವೆ. ಮನೆಯಲ್ಲಿ ಇಂಥ ವಾದ್ಯವೊಂದು ಮೂಲೆ ಹಿಡಿದಿದ್ದರೆ ಉಪಯೋಗವಾದೀತು. ಇಲ್ಲದವರ ಕಿವಿಗೂ ಆದೀತು.

ನಾಲ್ಕು ತಂತಿಯ ಲೆಕ್ಕ

ಬೇಸ್ ಗಿಟಾರ್ ಹಳೆಯ ವಾದ್ಯವಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ಪಾಲ್ ಟಟ್‌ಮಾರ್ಕ್ ಎಂಬವರು 1930ರ ದಶಕದಲ್ಲೇ ಅದರ ಒಂದು ರೂಪವನ್ನು ಮಾಡಿದ್ದರೂ, ಅದು ಲೋಕಕ್ಕೆ ಪರಿಚಯವಾದುದು 1951ರಲ್ಲಿ, ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ತಮ್ಮ ‘ಪ್ರಿಸಿಷನ್ ಬೇಸ್’ ವಾದ್ಯವನ್ನು ಮಾರುಕಟ್ಟೆಗೆ ತಂದಾಗ. ಅದಕ್ಕೆ ಮೊದಲು ಆಳಿಗಿಂತ ಎತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಾಗಿತ್ತು. ಹೊತ್ತರೂ ಡ್ರಮ್ಮು, ತುತ್ತೂರಿಗಳ ನಡುವೆ ಅದರ ಸ್ವರ ಕೇಳಿಸುತ್ತಿರಲಿಲ್ಲ. ಹೊಸ ವಾದ್ಯಕ್ಕೆ ವೀಣೆಯಂತೆ ಮೆಟ್ಟುಗಳಿದ್ದುದರಿಂದ ಸ್ವರ ತಪ್ಪುವ ಭಯವಿಲ್ಲ. ‘ಪ್ರಿಸಿಷನ್’ ಎಂದರೆ ಕರಾರುವಾಕ್ಕು.

ತಂತಿಗಳು ನಾಲ್ಕು. ದಪ್ಪನೆಯದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಮುಂದಿನವು 55, 73, 98. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ತಂತಿಯನ್ನು ಷಡ್ಜವೆಂದುಕೊಂಡರೆ ಅದರ ಮುಂದಿನ ತಂತಿ ಮಧ್ಯಮ. ನಾಲ್ಕು ತಂತಿಗಳಿಗೂ ಇದೇ ಅಂತರ. ಆದ್ದರಿಂದ ಒಂದೆಡೆ ಕಲಿತ ಬೆರಳ ನಡೆ ವಾದ್ಯದ ಉದ್ದಗಲಕ್ಕೂ ನಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಇಷ್ಟು ಕೆಳಗಿನ ಸ್ವರಗಳು ಸರಿಯಾಗಿ ಹೊರಡುವುದಿಲ್ಲ. ಬರಿಯ ಮೊಬೈಲಿನಲ್ಲಿ ಹಾಡು ಕೇಳುವವರು ಮನೆಯ ಮಾಡನ್ನು ಕಂಡಿದ್ದಾರೆ, ಪಂಚಾಂಗವನ್ನು ಕಂಡಿಲ್ಲ. ಮುಂದೆ ಹೇಳುವ ಹಾಡುಗಳನ್ನು ಕಿವಿಗೆ ಹೆಡ್‌ಫೋನ್ ಹಾಕಿಯೇ ಕೇಳಬೇಕು.

ಎರಡು ಸ್ವರದ ಮೊದಲ ಪಾಠ

‘ಮೈ ಗರ್ಲ್’ ಎಂಬ ಹಾಡು 1964ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹೊರಬಂತು. ಹಾಡಿದವರು ಟೆಂಪ್ಟೇಷನ್ಸ್ ತಂಡದವರು. ಅದರ ಆರಂಭವನ್ನು ಕೇಳಿ. ಬೇರೆ ಯಾರೂ ಬಾಯಿ ತೆರೆಯುವ ಮೊದಲು ಬೇಸ್ ಗಿಟಾರ್ ಒಂದೇ ನುಡಿಯುತ್ತದೆ. ಇರುವುದು ಷಡ್ಜ ಮತ್ತು ಪಂಚಮ, ಎರಡೇ ಸ್ವರ. ಒಂದು ಉದ್ದದ ಹೆಜ್ಜೆ, ಒಂದಿಷ್ಟು ಮೌನ, ಮತ್ತೆರಡು ಗಿಡ್ಡ ಹೆಜ್ಜೆ. ಅಷ್ಟಕ್ಕೇ ಕೇಳುವವನು ಹಾಡಿನೊಳಕ್ಕೆ ಬಂದಾಯಿತು.

ಹುಡುಗ ನಕ್ಕ. ಇದೇನು ಪಾಠ, ನಾಲ್ಕನೆಯ ತರಗತಿಯ ಮಗುವೂ ನುಡಿಸೀತು ಎಂದ. ನುಡಿಸು ಎಂದೆವು. ಸ್ವರ ಸರಿಯಾಗಿತ್ತು, ಹಾಡು ಬರಲಿಲ್ಲ. ಹತ್ತು ಸಲ ಕೇಳಿದ ಮೇಲೆ ಕಾರಣ ತಿಳಿಯಿತು: ಅವನು ಸ್ವರಗಳನ್ನು ಮಾತ್ರ ನುಡಿಸುತ್ತಿದ್ದ, ನಡುವಿನ ಮೌನವನ್ನು ನುಡಿಸುತ್ತಿರಲಿಲ್ಲ. ಮೀಟುವುದು ಬಲಗೈಯ ಕೆಲಸವಾದರೆ, ಸ್ವರವನ್ನು ಬೇಕಾದಲ್ಲಿ ನಿಲ್ಲಿಸುವುದು ಎರಡೂ ಕೈಗಳ ಕೆಲಸ. ಒಬ್ಬಂಟಿಯಾಗಿ ನುಡಿಸುವವನಿಗೆ ಇದೇ ಮೊದಲ ಶಿಸ್ತು. ತಂಡದಲ್ಲಿದ್ದಾಗ ಮುಚ್ಚಿಹೋಗುವ ತಪ್ಪು, ಒಬ್ಬನೇ ಇದ್ದಾಗ ಬಟಾಬಯಲು.

ಹೆಸರು ಅಚ್ಚಾಗದ ಮನುಷ್ಯ

ಆ ಎರಡು ಸ್ವರಗಳನ್ನು ನುಡಿಸಿದವರು ಜೇಮ್ಸ್ ಜೇಮರ್‌ಸನ್. 1936ರಲ್ಲಿ ದಕ್ಷಿಣ ಕೆರೊಲಿನದಲ್ಲಿ ಹುಟ್ಟಿ, ಡೆಟ್ರಾಯಿಟ್ ನಗರದ ಮೋಟೌನ್ ಧ್ವನಿಮುದ್ರಣ ಸಂಸ್ಥೆಯಲ್ಲಿ ದುಡಿದವರು. ಸ್ಟೀವಿ ವಂಡರ್, ಮಾರ್ವಿನ್ ಗೇ, ಡಯಾನ ರಾಸ್ ಮುಂತಾದವರ ಹಾಡುಗಳ ಅಡಿಪಾಯ ಅವರದು. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಆ ಬೆರಳಿಗೆ ‘ಕೊಕ್ಕೆ’ ಎಂದೇ ಹೆಸರು ಬಿದ್ದಿತ್ತು. ತಂತಿ ತುಂಡಾಗುವವರೆಗೆ ಬದಲಿಸುವ ಗೋಜಿಗೆ ಹೋಗುತ್ತಿರಲಿಲ್ಲ.

ಡಬಲ್ ಬೇಸಿನಲ್ಲಿ ಜಾಜ್ ಕಲಿತಿದ್ದ ಜೇಮರ್‌ಸನ್, ಮೂಲಸ್ವರವನ್ನು ಗೂಟದಂತೆ ಹೊಡೆದು ನಿಲ್ಲುವ ಪದ್ಧತಿಯನ್ನು ಬಿಟ್ಟರು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಗಲ್ಲಿಗಳನ್ನೆಲ್ಲ ಸುತ್ತಿ, ತಾಳ ಬೀಳುವ ಕ್ಷಣಕ್ಕೆ ಮನೆ ಸೇರುವುದು ಅವರ ಕ್ರಮ. 1968ರ ‘ಫಾರ್ ಒನ್ಸ್ ಇನ್ ಮೈ ಲೈಫ್’ ಹಾಡಿನಲ್ಲಿ ಸ್ಟೀವಿ ವಂಡರ್ ಒಂದು ಹಾಡು ಹಾಡಿದರೆ, ಕೆಳಗೆ ಜೇಮರ್‌ಸನ್ ಇನ್ನೊಂದನ್ನು ಹಾಡುತ್ತಾರೆ, ಒಂದಕ್ಕೊಂದು ಅಡ್ಡಿಯಿಲ್ಲ. 1971ರಲ್ಲಿ ಬಂದ ಮಾರ್ವಿನ್ ಗೇಯವರ ‘ವಾಟ್ಸ್ ಗೋಯಿಂಗ್ ಆನ್’ ಇನ್ನೂ ಸಾವಧಾನದ್ದು, ಕಲಿಯಲು ಅನುಕೂಲವಾದದ್ದು. ಅದನ್ನು ಧ್ವನಿಮುದ್ರಿಸುವ ಹೊತ್ತಿಗೆ ಕುಡಿದಿದ್ದ ಅವರು ಕುಳಿತುಕೊಳ್ಳಲಾಗದೆ ನೆಲದ ಮೇಲೆ ಅಂಗಾತ ಮಲಗಿಯೇ ನುಡಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಕುಡಿತವನ್ನು ನಾವು ಹೊಗಳುತ್ತಿಲ್ಲ. ಅದೇ ಅವರನ್ನು ಬೇಗ ಮುಗಿಸಿತು. ಹೇಳಬೇಕಾದ ಮಾತೆಂದರೆ, ಅಷ್ಟು ವರ್ಷ ಮನೆಮನೆಯಲ್ಲಿ ಕೇಳಿಸಿದ ಆ ಬೆರಳಿನ ಒಡೆಯನ ಹೆಸರು ಮೋಟೌನ್ ತಟ್ಟೆಗಳ ಹೊದಿಕೆಯ ಮೇಲೆ ಅಚ್ಚಾದುದು ಈ ‘ವಾಟ್ಸ್ ಗೋಯಿಂಗ್ ಆನ್’ ಸಂಪುಟದಲ್ಲೇ ಮೊದಲು. 1983ರಲ್ಲಿ, ಇನ್ನೂ 47ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮೊದಲು ಅವರ ವಾದ್ಯವೂ ಕಳವಾಗಿತ್ತು. ‘ರಾಕ್ ಆಂಡ್ ರೋಲ್’ ಸಂಗೀತದ ಗೌರವ ಮಂದಿರದಲ್ಲಿ ಅವರ ಹೆಸರು ಸೇರಿದುದು 2000ದಲ್ಲಿ, ಸತ್ತು 17 ವರ್ಷಗಳ ಮೇಲೆ.

ಈ ಕಥೆಯನ್ನು ಹೇಳಿದ ದಿನ ಗೋಡೆಯಾಚೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಆ ಸಾಲು ಶುರುವಾಯಿತು. ನಿಧಾನವಾಗಿ, ತಪ್ಪುತ್ತ, ಮತ್ತೆ ಮೊದಲಿನಿಂದ.

ಕಳೆದುಹೋಗಿ ಸಿಕ್ಕಿದ ವಾದ್ಯ

ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಬೇಸಿನವರಾದುದು ತಾವಾಗಿ ಬಯಸಿ ಅಲ್ಲ. 1961ರಲ್ಲಿ ತಂಡದ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಬಿಟ್ಟುಹೋದಾಗ ಆ ಕೆಲಸ ಇವರ ಕೊರಳಿಗೆ ಬಿತ್ತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಪಿಟೀಲಿನ ಆಕಾರದ ಹಾಫ್ನರ್ ಬೇಸೊಂದನ್ನು ಕೊಂಡರು. ಎರಡೂ ಬದಿ ಸಮನಾಗಿರುವ ವಾದ್ಯವಾದ್ದರಿಂದ ಎಡಗೈಯವರಾದ ಅವರು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ. ಹಾಡು ಕಟ್ಟುವವನ ಕೈಗೆ ಬೇಸ್ ಸಿಕ್ಕಿದ ಮೇಲೆ ಅದು ಸುಮ್ಮನಿರುತ್ತದೆಯೇ? ಜೇಮರ್‌ಸನ್ ನುಡಿಸಿದುದನ್ನು ಕೇಳಿ ಕಲಿತವರಲ್ಲಿ ಮೆಕಾರ್ಟ್ನಿಯೂ ಒಬ್ಬರು. 1967ರ ಹೊತ್ತಿಗೆ, ಉಳಿದ ವಾದ್ಯಗಳೆಲ್ಲ ಮುದ್ರಣವಾದ ಮೇಲೆ ಕೊನೆಗೆ ತಮ್ಮ ಬೇಸನ್ನು ಬೇರೆಯಾಗಿ ಸೇರಿಸುವುದನ್ನು ಅವರು ರೂಢಿಸಿಕೊಂಡರು. ಇಡೀ ಹಾಡು ಕಣ್ಣ ಮುಂದಿರುವಾಗ ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಸ್ಪಷ್ಟವಾಗುತ್ತದಲ್ಲವೇ?

ಒಬ್ಬನೇ ನುಡಿಸಲು ಅವರ ಸಾಲುಗಳಲ್ಲಿ ಮೊದಲು ಹಿಡಿಯಬೇಕಾದುದು 1969ರ ‘ಸಮ್‌ಥಿಂಗ್’. ಹಾಡು ಜಾರ್ಜ್ ಹ್ಯಾರಿಸನ್ ಅವರದು. ಗಾಯಕ ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವ ಜಾಗದಲ್ಲೆಲ್ಲ ಬೇಸ್ ಮೇಲಕ್ಕೆ ಹತ್ತಿ ಒಂದು ಪುಟ್ಟ ಉತ್ತರ ಕೊಟ್ಟು ಕೆಳಗಿಳಿಯುತ್ತದೆ. ಅದನ್ನು ಮಾತ್ರ ಬಿಡಿಸಿ ನುಡಿಸಿದರೂ ಒಬ್ಬ ಮನುಷ್ಯ ಯೋಚಿಸುತ್ತ ನಡೆದಂತಿರುತ್ತದೆ. ಅವಸರ ಮಾಡಿದಿರೋ, ಕೆಟ್ಟಿತು.

ಹ್ಯಾಂಬರ್ಗಿನಲ್ಲಿ ಕೊಂಡ ಆ ಮೊದಲ ಹಾಫ್ನರ್ 1972ರಲ್ಲಿ ಲಂಡನ್ನಿನಲ್ಲಿ ಕಳವಾಯಿತು. ಐವತ್ತು ವರ್ಷ ಸುದ್ದಿಯಿಲ್ಲ. ಕೊನೆಗೆ ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿ, ಒಡೆಯನ ಕೈ ಸೇರಿದ ವಾರ್ತೆ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಜೇಮರ್‌ಸನ್ನರ ವಾದ್ಯ ಮಾತ್ರ ಹೋದದ್ದು ಹೋದದ್ದೇ.

ಎರಡು ಕೂಲಿಯ ಸಾಲು

1972ರಲ್ಲಿ ಲೂ ರೀಡ್ ಅವರ ‘ವಾಕ್ ಆನ್ ದ ವೈಲ್ಡ್ ಸೈಡ್’ ಹಾಡಿಗೆ ನುಡಿಸಲು ಲಂಡನ್ನಿನಲ್ಲಿ ಕರೆಸಿಕೊಂಡದ್ದು ಹರ್ಬಿ ಫ್ಲವರ್ಸ್ ಎಂಬವರನ್ನು. ಅವರು ಮೊದಲು ಡಬಲ್ ಬೇಸಿನಲ್ಲಿ ಕೆಳಗಿನ ಸ್ವರಗಳನ್ನು ಜಾರಿಸಿ ನುಡಿಸಿದರು. ಆಮೇಲೆ ಅದರ ಮೇಲೆ ಬೇಸ್ ಗಿಟಾರಿನಲ್ಲಿ ಮೇಲಿನ ಗಾಂಧಾರದ ಸ್ವರವನ್ನು ಹೊಂದಿಸಿದರು. ಹಾಡಿನ ಇಡೀ ಚಹರೆ ಆ ಜಾರುವಿಕೆಯಲ್ಲೇ ಇದೆ. ಎರಡು ವಾದ್ಯ ನುಡಿಸಿದರೆ ಎರಡು ಕೂಲಿ ಸಿಗುತ್ತಿತ್ತು, ಅದಕ್ಕೇ ಹಾಗೆ ಮಾಡಿದೆ ಎಂದು ಫ್ಲವರ್ಸ್ ಆಮೇಲೆ ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದರು. ಅವರು ತೀರಿಕೊಂಡದ್ದು 2024ರಲ್ಲಿ.

ಒಬ್ಬಂಟಿ ವಾದಕನಿಗೆ ಇದರಲ್ಲಿ ದೊಡ್ಡ ಲಾಭವಿದೆ. ದಪ್ಪ ತಂತಿಯ ಸ್ವರವನ್ನು ಹೆಬ್ಬೆರಳಿನಿಂದಲೂ, ಸಪೂರ ತಂತಿಯ ಮೇಲಿನ ಗಾಂಧಾರವನ್ನು ಬೆರಳಿನಿಂದಲೂ ಒಟ್ಟಿಗೆ ಮೀಟಿ, ಎರಡನ್ನೂ ಜೊತೆಯಾಗಿ ಜಾರಿಸಿದರೆ ಒಂದೇ ವಾದ್ಯದಲ್ಲಿ ಇಬ್ಬರ ದನಿ ಬರುತ್ತದೆ. ಒಂಟಿ ವಾದ್ಯದ ಒಂಟಿತನ ಮೊದಲು ಕಳೆಯುವುದು ಇಲ್ಲಿ.

ತಂತಿಯ ಭಾಗಾಕಾರ

ಕೊನೆಯ ಪಾಠ ಕಷ್ಟದ್ದು. ಅಮೆರಿಕದ ಫ್ಲಾರಿಡದಲ್ಲಿ ಬೆಳೆದ ಜಾಕೋ ಪಸ್ಟೋರಿಯಸ್ (1951–1987) ತಮ್ಮ ಬೇಸಿನ ಮೆಟ್ಟುಗಳನ್ನೆಲ್ಲ ಕಿತ್ತುಹಾಕಿ, ಪಿಟೀಲಿನಂತೆ ಬರಿಯ ಹಲಗೆಯ ಮೇಲೆ ನುಡಿಸಿದವರು. 1976ರಲ್ಲಿ ಬಂದ ಅವರ ಮೊದಲ ಸಂಪುಟದ ಮೊದಲ ಕೃತಿ ‘ಡೊನ್ನ ಲೀ’. ತುತ್ತೂರಿ, ಸ್ಯಾಕ್ಸಫೋನುಗಳಿಗೆಂದು ಹುಟ್ಟಿದ ಆ ವೇಗದ ಜಾಜ್ ರಾಗವನ್ನು ಅವರು ಬೇಸಿನಲ್ಲಿ ನುಡಿಸಿದರು. ಜೊತೆಗಿದ್ದುದು ಕಾಂಗಾ ಎಂಬ ಕೈಚರ್ಮವಾದ್ಯ ಮಾತ್ರ. ಅದೇ ಸಂಪುಟದ ‘ಪೋರ್ಟ್ರೇಟ್ ಆಫ್ ಟ್ರೇಸಿ’ಯಲ್ಲಂತೂ ಬೇಸ್ ಒಂದೇ, ಬೇರೆ ಯಾರೂ ಇಲ್ಲ.

ಅದರಲ್ಲಿ ಕೇಳಿಸುವ ಗಂಟೆಯಂಥ ದನಿಗಳು ನಮ್ಮ ವಿಜ್ಞಾನದ ಪಾಠದಲ್ಲಿರುವವೇ. ತಂತಿಯನ್ನು ಒತ್ತದೆ, ಸರಿ ಮಧ್ಯದಲ್ಲಿ ಬೆರಳನ್ನು ಮೃದುವಾಗಿ ಮುಟ್ಟಿಸಿ ಮೀಟಿದರೆ ಅದು ಎರಡು ಭಾಗವಾಗಿ ಕಂಪಿಸಿ ಮೇಲಿನ ಷಡ್ಜ ಕೊಡುತ್ತದೆ. ಮೂರನೆಯ ಒಂದಂಶದಲ್ಲಿ ಮುಟ್ಟಿದರೆ ಅದರ ಮೇಲಿನ ಪಂಚಮ. ನಾಲ್ಕನೆಯ ಒಂದಂಶದಲ್ಲಿ ಇನ್ನೂ ಮೇಲಿನ ಷಡ್ಜ. ಐದನೆಯ ಒಂದಂಶದಲ್ಲಿ ಗಾಂಧಾರ. ಕಪ್ಪುಹಲಗೆಯ ಮೇಲೆ ಹತ್ತಾರು ವರ್ಷ ಬರೆದ ಈ ಭಿನ್ನರಾಶಿಗಳನ್ನು ನಾವು ಕಿವಿಯಿಂದ ಕೇಳಿದ್ದು ಗೋಡೆಯಾಚೆಯ ಬೀರುವಿನ ಮೂಲಕ. ನಾಚಿಕೆಯ ಮಾತಾದರೂ ನಿಜ. ಮರುವರ್ಷ ಶಾಲೆ ತೆರೆದಾಗ ಒಂಬತ್ತನೆಯ ತರಗತಿಗೆ ಶಬ್ದದ ಪಾಠವನ್ನು ಆ ವಾದ್ಯ ತರಿಸಿಯೇ ಮಾಡಿದೆವು.

ಅಭ್ಯಾಸದ ಕ್ರಮ

ಹುಡುಗನ ಅನುಭವದಿಂದ ನಾವು ಬರೆದಿಟ್ಟುಕೊಂಡ ನಾಲ್ಕು ಸೂತ್ರಗಳಿವು. ಒಂದು, ನುಡಿಸುವ ಮೊದಲು ಆ ಸಾಲನ್ನು ಬಾಯಲ್ಲಿ ಹಾಡಬೇಕು. ಬಾಯಿಗೆ ಬಾರದ್ದು ಬೆರಳಿಗೆ ಬಾರದು. ಎರಡು, ವೇಗವನ್ನು ಅರ್ಧಕ್ಕಿಳಿಸಿ ಕಾಲಲ್ಲಿ ತಾಳ ಹಾಕುತ್ತ ಕಲಿಯಬೇಕು. ಡ್ರಮ್ಮಿನವನಿಲ್ಲದಾಗ ಕಾಲೇ ಡ್ರಮ್ಮು. ಮೂರು, ನುಡಿಸದ ತಂತಿಗಳನ್ನು ಬೆರಳು ತಾಗಿಸಿ ಸುಮ್ಮನಿರಿಸಬೇಕು. ಇಲ್ಲವಾದರೆ ಮಂದ್ರದ ಗುಂಯ್‌ಗುಡುವಿಕೆ ಎಲ್ಲವನ್ನೂ ನುಂಗುತ್ತದೆ. ನಾಲ್ಕು, ಸಾಲಿನ ನಡುವೆ ತನ್ನ ಚಮತ್ಕಾರ ತುರುಕಬಾರದು. ಜೇಮರ್‌ಸನ್ನರಾಗಲಿ ಮೆಕಾರ್ಟ್ನಿಯಾಗಲಿ ಹಾಡುವವನಿಗಾಗಿ ಜಾಗ ಬಿಟ್ಟಿದ್ದಾರೆ. ಹಾಡುವವನಿಲ್ಲವೆಂದು ಆ ಜಾಗವನ್ನು ತುಂಬಿದರೆ ಸಾಲು ಸತ್ತುಹೋಗುತ್ತದೆ.

ಈ ನಾಲ್ಕನೆಯ ಸೂತ್ರ ನಮಗೆ ಅರ್ಥವಾದುದು ಡೆಟ್ರಾಯಿಟ್ಟಿನಿಂದಲ್ಲ, ಪಕ್ಕದ ಮನೆಯ ಅಡುಗೆಕೋಣೆಯಿಂದ.

ಅಡುಗೆಕೋಣೆಯ ಉತ್ತರ

ಪರದೇಶದ ಹಾಡುಗಳಾದ ಮೇಲೆ ನಮ್ಮ ಕಡೆಯದೊಂದನ್ನು ಹುಡುಕಿದೆವು. ಬೇಸ್ ಗಿಟಾರಿಗೆ ಅದರದೇ ಆದ ನಡೆಯನ್ನು ಕೊಟ್ಟ ನಮ್ಮ ಚಿತ್ರಸಂಗೀತಗಾರರಲ್ಲಿ ಇಳಯರಾಜರ ಹೆಸರು ಮೊದಲು ಬರುತ್ತದೆ. ಕನ್ನಡದಲ್ಲಿ ಅವರು ಸಂಗೀತ ಕೊಟ್ಟ ಚಿತ್ರಗಳಲ್ಲಿ ಶಂಕರನಾಗ್ ನಿರ್ದೇಶನದ ‘ಗೀತಾ’ (1981) ಒಂದು. ಅದರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿಯವರು ಹಾಡಿದ ‘ಜೊತೆಯಲಿ’ ಎಂಬ ಯುಗಳಗೀತೆಯನ್ನು ಅರಿಯದ ಕನ್ನಡಿಗರು ಕಡಮೆ. ಆದರೆ ಅದರ ಬೇಸನ್ನು ಬೇರೆಯಾಗಿ ಕೇಳಿದವರು ಎಷ್ಟು ಮಂದಿ? ಹುಡುಗ ಹೆಡ್‌ಫೋನ್ ಹಾಕಿ ಎರಡು ವಾರ ಕುಳಿತು ಆ ಸಾಲನ್ನು ಬಿಡಿಸಿದ.

ಒಂದು ಸಂಜೆ ಬೀರುವಿಗೆ ಒರಗಿ ಅದನ್ನು ಮೊದಲಿನಿಂದ ನುಡಿಸತೊಡಗಿದ. ಗಾಯಕರ ರಾಗವನ್ನಲ್ಲ, ಬರಿಯ ಬೇಸನ್ನು, ನಡುವಿನ ಮೌನವನ್ನು ಹಾಗೆಯೇ ಬಿಟ್ಟು. ನಾವು ಈ ಬದಿ ಗೋಡೆಗೆ ಕಿವಿಯಿಟ್ಟು ಕುಳಿತಿದ್ದೆವು. ಸ್ವಲ್ಪ ಹೊತ್ತಿಗೆ ಇನ್ನೊಂದು ದನಿ ಸೇರಿತು. ಒಲೆಯ ಮುಂದಿದ್ದ ಅವನ ತಾಯಿ, ತಮಗೆ ತಿಳಿಯದಂತೆಯೇ ಆ ಹಾಡನ್ನು ಗುನುಗುತ್ತಿದ್ದರು. ಪಲ್ಲವಿ ಸರಿಯಾದ ಜಾಗಕ್ಕೆ ಬಂದು ಕುಳಿತಿತು. ಹುಡುಗ ನಿಲ್ಲಿಸಲಿಲ್ಲ. ಚರಣದಲ್ಲಿ ಆ ತಾಯಿಗೆ ಪದಗಳು ಮರೆತುಹೋದವು. ಆದರೂ ರಾಗ ಮುಂದುವರಿಯಿತು.

ಮುಗಿದ ಮೇಲೆ ಆಕೆ ಕೇಳಿದ್ದು ನಮಗೂ ಕೇಳಿಸಿತು: “ಅದು ‘ಗೀತಾ’ದ ಪದ ಅಲ್ಲವಾ? ಇದರಲ್ಲಿ ಪದ ಬರುತ್ತದಲ್ಲ!”

ಒಬ್ಬನೇ ನುಡಿಸಲು ಯೋಗ್ಯವಾದ ಸಾಲು ಯಾವುದೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಬೇರೆಲ್ಲೂ ಸಿಗಲಿಲ್ಲ. ಹಾಡನ್ನು ಬಿಟ್ಟುಕೊಟ್ಟರೂ ಕೇಳುವವನ ಬಾಯಿಗೆ ಹಾಡನ್ನು ತರಬಲ್ಲ ಸಾಲು ಅದು. ನುಡಿಸುವವನು ಒಬ್ಬನೇ ಇರಬಹುದು, ಸಾಲು ಒಂಟಿಯಲ್ಲ.

ಎಂಟು ಸಾವಿರದ ಗಿರಾಕಿ ಎರಡು ಸಲ ಫೋನು ಮಾಡಿ ಸುಮ್ಮನಾದ. ಗಾನಮೇಳ ಮತ್ತೆ ಶುರುವಾಗಿದೆ. ಹುಡುಗ ಮೊದಲಿನಂತೆಯೇ ಹಿಂದಿನ ಸಾಲಿನಲ್ಲಿ, ದೀಪ ಸರಿಯಾಗಿ ಬೀಳದ ಜಾಗದಲ್ಲಿ ನಿಲ್ಲುತ್ತಾನೆ. ಕಳೆದ ಶಾಲಾ ವಾರ್ಷಿಕೋತ್ಸವದಲ್ಲಿ ಅವನಿಗೆ ಐದು ನಿಮಿಷ ಕೊಡಿಸಿದೆವು. ಒಬ್ಬನೇ ಕುಳಿತು ‘ಸಮ್‌ಥಿಂಗ್’ ಮತ್ತು ‘ಗೀತಾ’ದ ಸಾಲುಗಳನ್ನು ನುಡಿಸಿದ. ಸಭೆಯಲ್ಲಿ ಮಾತು ನಿಲ್ಲಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಹಿರಿಯರೊಬ್ಬರು “ಚೆನ್ನಾಗಿದೆ, ಹಾಡುವವರು ಯಾವಾಗ ಬರುತ್ತಾರೆ?” ಎಂದು ನಮ್ಮನ್ನೇ ಕೇಳಿದರು. ಆದರೆ ಹೆಂಗಸರ ಸಾಲಿನ ಕೊನೆಯಲ್ಲಿ ಒಬ್ಬರು ಗುನುಗುತ್ತಿದ್ದುದನ್ನು ನಾವು ಕಂಡೆವು. ಈ ಸಲ ಅವನ ತಾಯಿಯಲ್ಲ, ಬೇರೆ ಯಾರೋ.

ಇಂದು ರಾತ್ರಿ ಯಾವುದಾದರೂ ಮೆಚ್ಚಿನ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ಗಾಯಕರನ್ನು ಸ್ವಲ್ಪ ಹೊತ್ತು ಮರೆತು, ಕೆಳಗೆ ನಡೆಯುತ್ತಿರುವವನ ಹೆಜ್ಜೆಯನ್ನು ಹಿಡಿಯಿರಿ. ಅವನೂ ಅಷ್ಟು ಹೊತ್ತಿನಿಂದ ಹಾಡುತ್ತಲೇ ಇದ್ದಾನೆ.